ಕಾರಿಗೆ ಯಾವ ಲೇಪ? ಮೊದಲು ಅದು ನಿಲ್ಲುವ ಜಾಗ ನೋಡಿ

ಹೊಸ ಕಾರಿನ ಕೀಲಿ ಕೈಗೆ ಬರುವ ದಿನ ಶೋರೂಮಿನಲ್ಲಿ ಒಂದು ಪಟ್ಟಿಯನ್ನು ಮುಂದಿಡುತ್ತಾರೆ. ಮ್ಯಾಟ್, ಸೀಟ್ ಕವರ್, ಮಡ್ ಫ್ಲ್ಯಾಪ್, ಅದರ ಕೆಳಗೆ ಟೆಫ್ಲಾನ್ ಕೋಟಿಂಗ್, ಅದರ ಕೆಳಗೆ ಸೆರಾಮಿಕ್ ಕೋಟಿಂಗ್, ಇನ್ನೂ ಕೆಳಗೆ ಪಿಪಿಎಫ್ ಎಂಬ, ಬಣ್ಣದ ಮೇಲೆ ಅಂಟಿಸುವ ರಕ್ಷಣೆಯ ಹಾಳೆ. ಕೆಳಗಿಳಿದಂತೆ ಬೆಲೆ ಮೇಲೇರುತ್ತದೆ. ಚಕ್ರದಡಿ ನಿಂಬೆಹಣ್ಣಿಟ್ಟು, ಬಾನೆಟ್ಟಿಗೆ ಹಾರ ಹಾಕಿ, ಮನೆಯವರೆಲ್ಲ ಫೋಟೋಗೆ ನಿಂತಿರುವ ಹೊತ್ತಿನಲ್ಲಿ ಲೆಕ್ಕ ಹಾಕುವ ಮನಸ್ಸು ಯಾರಿಗಿರುತ್ತದೆ? ನಾನೂ ಟೆಫ್ಲಾನ್ ಸಾಲಿಗೆ ಗುರುತು ಹಾಕಿ ಬಂದವನೇ. ಆ ಪಟ್ಟಿಯಲ್ಲಿ ಇಲ್ಲದ ಒಂದು ವಸ್ತುವೆಂದರೆ ಸಾವಿರ ರೂಪಾಯಿ ಆಸುಪಾಸಿನ ಒಂದು ಡಬ್ಬಿ ವ್ಯಾಕ್ಸ್, ಅಂದರೆ ಕಾರಿನ ಮೈಗೆ ಹಚ್ಚುವ ಮೇಣ.

ಹಾಗೆ ಹಾಕಿಸಿದ ಟೆಫ್ಲಾನ್ ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಇದೆಯೋ ಇಲ್ಲವೋ ತಿಳಿಯದಂತೆ ಮಾಯವಾಯಿತು. ಆಮೇಲಿನ ವರ್ಷಗಳಲ್ಲಿ ಡಬ್ಬಿಯ ವ್ಯಾಕ್ಸ್, ಸೀಸೆಯ ಸೀಲೆಂಟ್, ಸ್ಪ್ರೇ ಎಲ್ಲವನ್ನೂ ಅದೇ ಬಿಳಿ ಹ್ಯಾಚ್‌ಬ್ಯಾಕ್ ಮೇಲೆ ನಾನೇ ಹಚ್ಚಿ ನೋಡಿದ್ದೇನೆ. ತಮ್ಮನ ಕಪ್ಪು ಕಾರಿನ ಸೆರಾಮಿಕ್ ಕೋಟಿಂಗನ್ನು ಹತ್ತಿರದಿಂದ ಕಂಡಿದ್ದೇನೆ. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ಮರಳಿ ಕೇಳುವುದು ಎರಡೇ ಪ್ರಶ್ನೆ. ಕಾರು ಎಲ್ಲಿ ನಿಲ್ಲುತ್ತದೆ? ಬೆಳಿಗ್ಗೆ ಅದನ್ನು ಯಾರು ಒರೆಸುತ್ತಾರೆ?

ಮೇಣ ಮಾಡುವ ಕೆಲಸ

ಹಲಸಿನ ಹಣ್ಣು ಕೊಯ್ಯುವ ಮುಂಚೆ ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತೇವಲ್ಲ, ವ್ಯಾಕ್ಸಿನ ಕೆಲಸ ಅಷ್ಟೇ. ಎಣ್ಣೆ ಸವರಿದ ಕೈಗೆ ಹಲಸಿನ ಮೇಣ ಅಂಟುವುದಿಲ್ಲವೆಂದಲ್ಲ, ಅಂಟಿದರೂ ಒರೆಸಿದರೆ ಬರುತ್ತದೆ. ಎಣ್ಣೆ ಸವರದೆ ಕೊಯ್ದವರಿಗೆ ಮಾರನೆಯ ದಿನವೂ ಬೆರಳು ಬೆರಳಿಗೆ ಹತ್ತುತ್ತಿರುತ್ತದೆ. ಕಾರಿನ ಮೈಗೆ ವ್ಯಾಕ್ಸ್ ಹಚ್ಚುವುದೆಂದರೆ, ಬಂದು ಬೀಳುವ ಕೊಳೆ ಬಣ್ಣಕ್ಕೆ ಅಂಟುವ ಬದಲು ಮೇಣಕ್ಕೆ ಅಂಟಲಿ, ತೊಳೆದಾಗ ಅದರೊಂದಿಗೇ ಹೋಗಲಿ ಎಂಬ ಏರ್ಪಾಡು.

ಇದು ಬೇಕೇ ಎನ್ನುವವರು ಬಣ್ಣದ ದಪ್ಪವನ್ನು ನೆನೆಯಬೇಕು. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ಈ ನಾಲ್ಕೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಹೊಳಪನ್ನೂ ಬಣ್ಣವನ್ನೂ ಕಾಯುವ ಕ್ಲಿಯರ್ ಕೋಟ್ ಒಂದೇ ಸುಮಾರು 40 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿಗಿಂತ ತೆಳು. ಅದು ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ.

ಆ ತೆಳುವಾದ ಪದರದ ಮೇಲೆ ನಮ್ಮೂರಿನಲ್ಲಿ ಏನೇನು ಬೀಳುತ್ತದೆ ನೋಡಿ. ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ. ಬಿಸಿಲಿಗೆ ಕಾದು ಮೆತ್ತಗಾದ ಕ್ಲಿಯರ್ ಕೋಟ್ ಮೇಲೆ ಅದು ಒಣಗಿ ಗಟ್ಟಿಯಾದರೆ, ಸಂಜೆ ತಣಿಯುವಾಗ ಪದರದಲ್ಲೇ ಅಚ್ಚೊತ್ತಿದಂತೆ ಗುರುತು ಉಳಿಯುತ್ತದೆ. ಜನವರಿ ಕಳೆದು ಮಾವು ಹೂಬಿಟ್ಟಾಗ ಮರದಡಿ ನಿಲ್ಲಿಸಿದ ಕಾರಿನ ಗಾಜು ಅಂಟಂಟಾಗುವುದನ್ನು ನೀವು ಕಂಡಿರಬಹುದು. ಎಷ್ಟೋ ಜನ ಅದನ್ನು ಮರದ ರಸವೆಂದುಕೊಳ್ಳುತ್ತಾರೆ. ಅದು ಹೂಗೊಂಚಲಿನಲ್ಲಿ ಕೂತ ಜಿಗಿಹುಳುಗಳು ಸೂಸುವ ಸಿಹಿ ದ್ರವ. ಅದರ ಮೇಲೆ ಧೂಳು ಕೂತರೆ ಉಜ್ಜದೆ ಬಿಡುವುದಿಲ್ಲ, ಉಜ್ಜಿದರೆ ಗೀರು ತಪ್ಪುವುದಿಲ್ಲ.

ಇನ್ನು ನೀರಿನ ಕಥೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ವಾಹನ ತೊಳೆಯಲು ಕುಡಿಯುವ ನೀರು ಬಳಸಬಾರದೆಂದು ಆದೇಶಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. ಸರಿಯಾದ ಆದೇಶವೇ. ಆದರೆ ಕಾವೇರಿ ನೀರು ಬಿಟ್ಟವರು ಹಿಡಿಯುವುದು ಬೋರ್‌ವೆಲ್ ನೀರನ್ನು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಹನಿ ಆರಿದ ಜಾಗದಲ್ಲಿ ಬಿಳಿಯ ಉಂಗುರ ಉಳಿಯುತ್ತದೆ, ಬಿಸಿಲಿಗೆ ಗಟ್ಟಿಯಾಗುತ್ತದೆ. ವ್ಯಾಕ್ಸ್ ಇರುವ ಕಾರಿಗೆ ಎರಡು ಬಕೆಟ್ ನೀರು ಸಾಕಾಗುವುದು, ಉಜ್ಜುವ ಅಗತ್ಯ ಕಡಿಮೆಯಾಗುವುದು, ಒರೆಸುವ ಕೆಲಸ ಬೇಗ ಮುಗಿಯುವುದು: ನನ್ನ ಮಟ್ಟಿಗೆ ಅದರ ನಿಜವಾದ ಲಾಭ ಇವೇ. ಹೊಳಪು ಕೊಸರು. ಅದರಲ್ಲೂ ಬಿಳಿ ಕಾರಿನಲ್ಲಿ ಆ ಹೊಳಪು ಹಚ್ಚಿದವನಿಗೆ ಬಿಟ್ಟು ಬೇರೆ ಯಾರಿಗೂ ಕಾಣುವುದಿಲ್ಲ.

ವ್ಯಾಕ್ಸ್ ಮಾಡದ ಕೆಲಸಗಳೂ ಇವೆ. ಹಳೆಯ ಗೀರನ್ನು ಅದು ಅಳಿಸುವುದಿಲ್ಲ. ಲಾರಿಯ ಚಕ್ರದಿಂದ ಚಿಮ್ಮಿದ ಜಲ್ಲಿಕಲ್ಲನ್ನು ತಡೆಯುವುದಿಲ್ಲ. ಕರಾವಳಿಯ ಉಪ್ಪುಗಾಳಿಗೆ ಕಾರಿನ ಅಡಿಭಾಗ ತುಕ್ಕು ಹಿಡಿಯುವುದಕ್ಕೂ ಮೇಲೆ ಹಚ್ಚಿದ ವ್ಯಾಕ್ಸಿಗೂ ಸಂಬಂಧವೇ ಇಲ್ಲ. ಅದಕ್ಕೆ ಅಂಡರ್‌ಬಾಡಿ ಕೋಟಿಂಗ್ ಬೇರೆ ಇದೆ.

ಪಾಲಿಶ್ ಬೇರೆ, ವ್ಯಾಕ್ಸ್ ಬೇರೆ

ಗ್ಯಾರೇಜುಗಳಲ್ಲಿ ಈ ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ, ಗ್ರಾಹಕ ದಾರಿ ತಪ್ಪುವುದು ಅಲ್ಲಿಯೇ. ಪಾಲಿಶ್ ಎಂದರೆ ನುಣ್ಣನೆಯ ಉಜ್ಜುಪುಡಿ ಬೆರೆತ ಕ್ರೀಮ್. ಅದು ಕ್ಲಿಯರ್ ಕೋಟನ್ನು ಒಂದಿಷ್ಟು ಸವೆಸಿ, ಗೀರಿನ ಅಂಚುಗಳನ್ನು ನಯವಾಗಿಸುತ್ತದೆ. ರಬ್ಬಿಂಗ್ ಕಾಂಪೌಂಡ್ ಅದರ ಒರಟು ಅಣ್ಣ. ಪಾಲಿಶ್ ತೆಗೆಯುತ್ತದೆ, ವ್ಯಾಕ್ಸ್ ಸೇರಿಸುತ್ತದೆ. ಪ್ರತಿ ಸರ್ವಿಸಿಗೂ ರಬ್ಬಿಂಗ್ ಪಾಲಿಶ್ ಮಾಡಿಸುವವರು 40 ಮೈಕ್ರಾನಿನ ಉಳಿತಾಯ ಖಾತೆಯಿಂದ ವರ್ಷವರ್ಷವೂ ಹಣ ತೆಗೆಯುತ್ತಿದ್ದಾರೆ ಎಂದೇ ಅರ್ಥ. ಹಾಗೆಂದು ಪಾಲಿಶ್ ಮಾಡಿಸಲೇಬಾರದೆಂದಲ್ಲ. ಬಣ್ಣ ಮಂಕಾಗಿ ಬಿಸಿಲಿನಲ್ಲಿ ಜೇಡರಬಲೆಯಂತೆ ಗೀರುಗಳು ಕಾಣುತ್ತಿದ್ದರೆ ಒಮ್ಮೆ ಮಾಡಿಸಿ. ಆಮೇಲೆ ಅದರ ಮೇಲೆ ರಕ್ಷಣೆಯ ಪದರವೊಂದನ್ನು ಹಾಕದೆ ಗಾಡಿ ಹೊರತೆಗೆಯಬೇಡಿ.

ನಮ್ಮ ತಂದೆಯ ಕಾಲದ ಪ್ರೀಮಿಯರ್ ಪದ್ಮಿನಿ ಕಾರಿಗೆ ಕ್ಲಿಯರ್ ಕೋಟ್ ಇರಲಿಲ್ಲ. ಬಿಸಿಲಿಗೆ ಬಣ್ಣವೇ ಸುಣ್ಣದಂತೆ ಪುಡಿಯಾಗುತ್ತಿತ್ತು, ಭಾನುವಾರ ಅಪ್ಪ ಉಜ್ಜಿದ ಬನಿಯನ್ ಬಟ್ಟೆ ಕಾರಿನ ಬಣ್ಣವನ್ನೇ ಹೊತ್ತು ತರುತ್ತಿತ್ತು. ಆ ಕಾರಿಗೆ ವರ್ಷವರ್ಷವೂ ಉಜ್ಜುವುದು ಅನಿವಾರ್ಯವಾಗಿತ್ತು. ಅದೇ ರೂಢಿಯನ್ನು ಇಂದಿನ ಕಾರುಗಳಿಗೂ ಮುಂದುವರಿಸುವುದು ತಪ್ಪು.

ಡಬ್ಬಿಯ ವ್ಯಾಕ್ಸ್

ಹೆಸರುವಾಸಿಯಾದದ್ದು ಕಾರ್ನಾಬಾ. ಬ್ರೆಜಿಲ್‌ನ ಈಶಾನ್ಯದ ಒಣನೆಲದಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರ, ಎಲೆಯ ತೇವ ಆರದಿರಲೆಂದು ತಾನೇ ಸೂಸಿಕೊಳ್ಳುವ ಮೇಣವಿದು. ಎಲೆಗಳನ್ನು ಕಡಿದು, ಒಣಗಿಸಿ, ಬಡಿದು ಉದುರಿಸುತ್ತಾರೆ. ಮಾತ್ರೆ, ಮಿಠಾಯಿಗಳ ಮೇಲಿನ ಹೊಳಪಿಗೂ ಇದನ್ನು ಬಳಸುವುದುಂಟು. ಜೇನುಮೇಣ ಸುಮಾರು 63 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಕಾರ್ನಾಬಾ ಕರಗಲು 82 ದಾಟಬೇಕು. ಶುದ್ಧ ಕಾರ್ನಾಬಾ ಇಟ್ಟಿಗೆಯಂತೆ ಗಟ್ಟಿ, ಕೈಯಿಂದ ಹಚ್ಚಲು ಬರುವುದಿಲ್ಲ. ಆದ್ದರಿಂದ ಎಣ್ಣೆ, ದ್ರಾವಕ, ಬೇರೆ ಮೇಣಗಳನ್ನು ಬೆರೆಸಿಯೇ ಡಬ್ಬಿಗೆ ತುಂಬುತ್ತಾರೆ. ‘ನೂರಕ್ಕೆ ನೂರು ಕಾರ್ನಾಬಾ’ ಎಂದು ಕಂಡರೆ, ಬೆರೆಸಿದ ಮೇಣದಲ್ಲಿ ಬೇರೆ ಜಾತಿಯದಿಲ್ಲ ಎಂದಷ್ಟೇ ತಿಳಿದುಕೊಳ್ಳಿ.

ಇದರ ಹೊಳಪಿಗೆ ಒಂದು ಆಳವಿದೆ, ಎಣ್ಣೆ ತಿಕ್ಕಿದ ತೇಗದ ಬಾಗಿಲಿನಂತೆ. ಕೆಂಪು, ಕಪ್ಪು, ಕಡುನೀಲಿ ಕಾರುಗಳಲ್ಲಿ ನೋಡಿಯೇ ತಿಳಿಯಬೇಕು. ಹಚ್ಚುವುದು ಸುಲಭ, ತಪ್ಪಾದರೂ ಅನಾಹುತವಿಲ್ಲ. ಕೊರತೆ ಬಾಳಿಕೆಯದು. ನೆರಳಿನಲ್ಲಿ ನಿಲ್ಲುವ ಕಾರಿಗೆ ಎರಡು ಮೂರು ತಿಂಗಳು, ಕಲಬುರಗಿ ರಾಯಚೂರುಗಳ ಏಪ್ರಿಲ್ ಬಿಸಿಲಿನಲ್ಲಿ ಬಯಲಲ್ಲೇ ನಿಲ್ಲುವ ಕಾರಿಗೆ ಅದಕ್ಕಿಂತ ಕಡಿಮೆ. ಬಟ್ಟೆ ಒಗೆಯುವ ಪುಡಿಯಲ್ಲಿ ತೊಳೆದರಂತೂ ಅದರ ಆಯುಷ್ಯ ಇನ್ನೂ ಬೇಗ ತೀರುತ್ತದೆ.

ಸ್ಪ್ರೇ ವ್ಯಾಕ್ಸ್ ಎಂಬುದು ಇದರ ತೆಳುವಾದ ರೂಪ. ತೊಳೆದ ಮೇಲೆ ಸಿಂಪಡಿಸಿ ಒರೆಸಿದರೆ ಹತ್ತು ನಿಮಿಷದ ಕೆಲಸ, ಮೂರು ನಾಲ್ಕು ವಾರದ ಫಲ. ಒಂದರ ಮೇಲೊಂದಾಗಿ ಹಾಕಲು ಚೆನ್ನ, ಅದೊಂದನ್ನೇ ನೆಚ್ಚಿಕೊಳ್ಳುವುದು ಸಾಲದು.

ಸೀಲೆಂಟ್, ಮತ್ತು ಟೆಫ್ಲಾನ್ ಎಂಬ ಹೆಸರು

ಸೀಲೆಂಟ್ ಕಾರ್ಖಾನೆಯಲ್ಲಿ ತಯಾರಾದ ಪಾಲಿಮರ್ ಲೇಪ. ಹಚ್ಚುವ ರೀತಿ ವ್ಯಾಕ್ಸಿನದೇ, ಬಾಳಿಕೆ ನಾಲ್ಕರಿಂದ ಆರು ತಿಂಗಳು. ಹೊಳಪು ಗಾಜಿನಂತೆ ಚುರುಕು, ಕಾರ್ನಾಬಾದ ಆಳವಿಲ್ಲ. ಶಾಖವನ್ನೂ ಸೋಪನ್ನೂ ಹೆಚ್ಚು ತಾಳುತ್ತದೆ. ಬಿಳಿ, ಬೆಳ್ಳಿ ಬಣ್ಣದ ಕಾರಿನವರು ಎರಡು ಮಾತಿಲ್ಲದೆ ಇದನ್ನೇ ಆರಿಸಬಹುದು, ಏಕೆಂದರೆ ಕಾರ್ನಾಬಾದ ಸೊಬಗು ಆ ಬಣ್ಣಗಳಲ್ಲಿ ಹೇಗೂ ಕಾಣದು. ಎರಡೂ ಬೇಕೆನ್ನುವವರು ಮೊದಲು ಸೀಲೆಂಟ್ ಹಚ್ಚಿ, ಒಂದು ದಿನ ಬಿಟ್ಟು ಮೇಲೆ ವ್ಯಾಕ್ಸ್ ಹಚ್ಚಬೇಕು. ತಿರುಗುಮುರುಗಾದರೆ ಸೀಲೆಂಟ್ ಮೇಣದ ಮೇಲೆ ನಿಲ್ಲುವುದಿಲ್ಲ.

ಟೆಫ್ಲಾನ್ ವಿಷಯ. ಹೆಸರು ಕೇಳಿದೊಡನೆ ದೋಸೆ ಅಂಟದ ಕಾವಲಿ ಕಣ್ಣ ಮುಂದೆ ಬರುತ್ತದೆ. ಆದರೆ ಆ ವಸ್ತು ಕರಗುವುದು 327 ಡಿಗ್ರಿಗೆ, ಕಾವಲಿಯ ಮೇಲೆ ಅದನ್ನು ಕೂರಿಸುವುದು ಅಷ್ಟು ಕಾವು ಕೊಟ್ಟು. ಕಾರಿನ ಬಣ್ಣವನ್ನು ಕಾರ್ಖಾನೆಯಲ್ಲಿ ಬೇಯಿಸುವುದೇ 140 ಡಿಗ್ರಿ ಆಸುಪಾಸಿನಲ್ಲಿ. ಸರ್ವಿಸ್ ಸೆಂಟರಿನ ಅಂಗಳದಲ್ಲಿ ಮೆಷಿನ್ ತಿರುಗಿಸಿ ಹಚ್ಚಿದ ಲೇಪ ಕಾವಲಿಯ ಲೇಪವಾಗುವುದು ಸಾಧ್ಯವಿಲ್ಲ. ಅದು ಟೆಫ್ಲಾನ್ ಹೆಸರು ಹೊತ್ತ ಒಂದು ಸೀಲೆಂಟ್, ಬಾಳುವುದೂ ಸೀಲೆಂಟಿನಷ್ಟೇ. ಅದಕ್ಕೆ ಕೆಲವು ಸಾವಿರ ಕೊಡುವ ಬದಲು ಒಂದು ಸೀಸೆ ಸೀಲೆಂಟ್ ತಂದರೆ ಎರಡು ಮೂರು ವರ್ಷಕ್ಕಾಗುತ್ತದೆ. ನನಗೆ ಇದು ಹಣ ಕೊಟ್ಟ ಮೇಲೆ ತಿಳಿಯಿತು.

ಸೆರಾಮಿಕ್

ತಮ್ಮ ತನ್ನ ಕಪ್ಪು ಕಾರಿಗೆ ಇದನ್ನು ಹಾಕಿಸಿದಾಗ ನಾನು ಆಡಿಕೊಂಡು ನಕ್ಕಿದ್ದೆ. ಆಮೇಲೆ ಕಾರು ನೋಡಿ ಸುಮ್ಮನಾದೆ. ಸಿಲಿಕಾ ಮೂಲದ ಈ ದ್ರವ ಆರಿದಂತೆ ಗಟ್ಟಿಯಾಗಿ ಕ್ಲಿಯರ್ ಕೋಟಿಗೆ ಕಚ್ಚಿಕೊಳ್ಳುತ್ತದೆ, ಸೋಪಿಗೆ ಹೋಗುವುದಿಲ್ಲ, ಎರಡು ವರ್ಷದಿಂದ ಐದು ವರ್ಷದವರೆಗೆ ಬಾಳುತ್ತದೆ. ನೀರು ಮಣಿಮಣಿಯಾಗಿ ಜಾರುವುದನ್ನು ನೋಡುವುದೇ ಒಂದು ಚಂದ. ಸಣ್ಣ ಕಾರಿಗೆ ಸುಮಾರು 15,000 ರೂಪಾಯಿಯಿಂದ ಶುರುವಾಗುತ್ತದೆ, ದೊಡ್ಡ ಗಾಡಿಗೆ 40,000 ದಾಟುವುದೂ ಉಂಟು.

ಮಾರುವವರು ಹೇಳುವ ಎರಡು ಮಾತುಗಳನ್ನು ಮಾತ್ರ ಸ್ವಲ್ಪ ಬಿಡಿಸಿ ನೋಡಬೇಕು. ಒಂದು, 9ಎಚ್ ಗಡಸುತನ. ಇದು ಪೆನ್ಸಿಲ್ ಪರೀಕ್ಷೆಯ ಅಳತೆ. 9ಎಚ್ ಪೆನ್ಸಿಲ್ ಒತ್ತಿ ಗೀಚಿದರೆ ಗೀರು ಬೀಳುವುದಿಲ್ಲ ಎಂದು ಅರ್ಥ, ವಜ್ರದ ಲೆಕ್ಕವಲ್ಲ. ರಸ್ತೆಯ ಧೂಳಿನಲ್ಲಿರುವ ಮರಳಿನ ಕಣ ಯಾವ ಪೆನ್ಸಿಲ್ಲಿಗಿಂತಲೂ ಗಡಸು, ಪದರದ ದಪ್ಪವೋ ಒಂದೆರಡು ಮೈಕ್ರಾನ್. ಎರಡನೆಯದು, ಇನ್ನು ಐದು ವರ್ಷ ಚಿಂತೆಯಿಲ್ಲ ಎಂಬ ಮಾತು. ವಾರಂಟಿಯ ಕಾಗದ ಓದಿ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಅವರಲ್ಲಿಗೇ ಹೋಗಿ, ಹಣ ಕೊಟ್ಟು ‘ಮೇಂಟೆನೆನ್ಸ್’ ಮಾಡಿಸಿದರೆ ಮಾತ್ರ ಎಂಬ ಸಾಲು ಸಾಮಾನ್ಯವಾಗಿ ಎಲ್ಲೋ ಕೆಳಗಿರುತ್ತದೆ.

ಬೋರ್‌ವೆಲ್ ನೀರಿನ ಊರುಗಳಲ್ಲಿ ಇನ್ನೊಂದು ತೊಡಕನ್ನೂ ನಾನು ಕಂಡೆ. ಸೆರಾಮಿಕ್ ಮೇಲೆ ನೀರು ಹರಡದೆ ಉರುಟು ಹನಿಯಾಗಿ ನಿಲ್ಲುತ್ತದೆ. ತೊಳೆದವನು ಒರೆಸದೆ ಬಿಟ್ಟರೆ ಪ್ರತಿ ಹನಿಯೂ ಒಂದು ಬಿಳಿ ಚುಕ್ಕಿಯಾಗಿ ಕೂರುತ್ತದೆ. ವ್ಯಾಕ್ಸ್ ಮೇಲೆ ಹೀಗಾದರೆ ಆ ಪದರವನ್ನು ತೆಗೆದು ಹೊಸದು ಹಚ್ಚಿದರೆ ಮುಗಿಯಿತು. ಸೆರಾಮಿಕ್ ಮೇಲೆ ಗಟ್ಟಿಯಾದರೆ ಪಾಲಿಶ್ ಮಾಡಿಯೇ ತೆಗೆಯಬೇಕಾಗಬಹುದು, ಆಗ ಆ ಜಾಗದ ಸೆರಾಮಿಕ್ಕೂ ಅದರೊಂದಿಗೇ ಹೋಗುತ್ತದೆ. ಹಾಕಿಸುವ ಮೊದಲು ಬಣ್ಣದ ಗೀರುಗಳನ್ನೆಲ್ಲ ತಿದ್ದಿಸುವುದೂ ಅಗತ್ಯ. ಇಲ್ಲವಾದರೆ ಗೀರುಗಳಿಗೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದಂತೆ.

ಪಿಪಿಎಫ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 150ರಿಂದ 200 ಮೈಕ್ರಾನಿನ ಪಾಲಿಯುರೆಥೇನ್ ಹಾಳೆ, ಕಲ್ಲೇಟನ್ನು ನಿಜವಾಗಿ ತಾಳುವುದು ಇವೆಲ್ಲವುಗಳಲ್ಲಿ ಅದೊಂದೇ. ಇಡೀ ಕಾರಿಗೆ ಲಕ್ಷದ ಲೆಕ್ಕ. ಬೆಂಗಳೂರು–ಹುಬ್ಬಳ್ಳಿ ಹೆದ್ದಾರಿಯಲ್ಲಿ ವಾರವಾರ ಓಡಾಡುವವರು ಮುಂದಿನ ಬಂಪರ್, ಬಾನೆಟ್, ಕನ್ನಡಿಯ ಹಿಂಬದಿ ಇಷ್ಟಕ್ಕೆ ಮಾತ್ರ ಹಾಕಿಸಿದರೆ ಸಾಕು. ಟಿಪಿಯು, ಅಂದರೆ ಈ ಪಾಲಿಯುರೆಥೇನ್ ಹಾಳೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ, ಅಗ್ಗದ ಪಿವಿಸಿ ಹಾಳೆಗಳು ಬಿಸಿಲಿಗೆ ಹಳದಿಯಾಗುತ್ತವೆ.

ಹಾಗಾದರೆ ನಿಮ್ಮ ಕಾರಿಗೆ?

ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರು ನಿಲ್ಲುತ್ತದೆ, ಬೆಳಿಗ್ಗೆ ಐದಕ್ಕೆ ಬರುವ ಹುಡುಗ ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಇಪ್ಪತ್ತು ಕಾರು ಒರೆಸುತ್ತಾನೆ ಎಂದುಕೊಳ್ಳೋಣ. ನಿಮ್ಮ ಕಾರಿಗೆ ಬಿಸಿಲೂ ಇಲ್ಲ, ಹಕ್ಕಿಯೂ ಇಲ್ಲ. ಶತ್ರು ಆ ಬಟ್ಟೆ. ಹತ್ತೊಂಬತ್ತು ಕಾರಿನ ಮರಳು ಇಪ್ಪತ್ತನೆಯದರ ಮೇಲೆ ಉಜ್ಜಿಕೊಳ್ಳುತ್ತದೆ. ಇಲ್ಲಿ ಸೆರಾಮಿಕ್ಕಿಗೆ 20,000 ಕೊಟ್ಟರೆ ಉಪ್ಪರಿಗೆ ಕಟ್ಟಿ ಬಾಗಿಲು ತೆರೆದಿಟ್ಟಂತೆ. ಆರು ಮೈಕ್ರೋಫೈಬರ್ ಬಟ್ಟೆ ತಂದು ಅವನ ಕೈಗೆ ಕೊಡಿ. ದಿನಾ ಒಣಬಟ್ಟೆಯಲ್ಲಿ ಒರೆಸುವುದು ಬೇಡ, ವಾರಕ್ಕೆ ಎರಡು ಸಲ ನೀರು ಹಾಕಿ ತೊಳೆಯಲಿ, ಸಂಬಳ ಅಷ್ಟೇ ಇರಲಿ. ವರ್ಷಕ್ಕೆ ಮೂರು ಸಲ ವ್ಯಾಕ್ಸ್ ಹಚ್ಚಿ.

ಮಳೆಮರ, ಹೊಂಗೆ, ಮಾವಿನಡಿಯ ರಸ್ತೆಬದಿಯೇ ನಿಮ್ಮ ಗ್ಯಾರೇಜ್ ಆಗಿದ್ದರೆ ಸೀಲೆಂಟ್ ಸರಿ. ಡಿಕ್ಕಿಯಲ್ಲಿ ಒಂದು ಸೀಸೆ ನೀರು, ಒಂದು ಬಟ್ಟೆ ಇರಲಿ. ಹಿಕ್ಕೆ ಕಂಡಕೂಡಲೇ ಒದ್ದೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಹಾಸಿ, ಆಮೇಲೆ ಎತ್ತಿ. ಉಜ್ಜಬೇಡಿ. ಯಾವ ಲೇಪವೂ ಎರಡು ದಿನದ ಹಿಕ್ಕೆಗೆ ಉತ್ತರವಲ್ಲ.

ಮಂಗಳೂರು, ಉಡುಪಿ, ಮಲೆನಾಡಿನವರಿಗೆ ಮುಖ್ಯವಾದದ್ದು ವಸ್ತುವಿಗಿಂತ ಸಮಯ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಕಾರಿನ ಮೈ ಪೂರ್ತಿ ಒಣಗುವ ದಿನವೇ ಸಿಗುವುದಿಲ್ಲ, ಒದ್ದೆ ಮೈಗೆ ಯಾವ ಲೇಪವೂ ಹತ್ತುವುದಿಲ್ಲ. ಮೇ ತಿಂಗಳ ಕೊನೆಯೊಳಗೆ ಸೀಲೆಂಟ್ ಮುಗಿಸಿಬಿಡಿ. ಬಳ್ಳಾರಿ ಸಂಡೂರು ಕಡೆಯ ಅದಿರಿನ ಕೆಂಪು ಧೂಳಿಗೂ ಸೀಲೆಂಟೇ. ಅಲ್ಲಿ ನೀರು ಹಾಯಿಸದೆ ಕಾರು ಒರೆಸುವುದೆಂದರೆ ಉಪ್ಪುಕಾಗದದಲ್ಲಿ ತಿಕ್ಕಿದಂತೆ.

ಸೆರಾಮಿಕ್ ಯಾರಿಗೆ ಎಂದರೆ, ಕಡುಬಣ್ಣದ ಹೊಸ ಕಾರನ್ನು ಐದಾರು ವರ್ಷ ಇಟ್ಟುಕೊಳ್ಳುವವರಿಗೆ, ತಾವೇ ತೊಳೆದು ತಾವೇ ಒರೆಸುವವರಿಗೆ. ನನ್ನ ತಮ್ಮ ಹಾಗೆಯೇ. ಅವನ ಕಾರನ್ನು ಬೇರೆಯವರು ಮುಟ್ಟಿದರೆ ಅವನಿಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ಮನೆಯಲ್ಲೇ ಹಚ್ಚುವುದಾದರೆ

ಮೊದಲ ಸಲ ನಾನು ಹಚ್ಚಿದ್ದು ಏಪ್ರಿಲ್ ತಿಂಗಳ ಭಾನುವಾರ, ಹನ್ನೊಂದು ಗಂಟೆಗೆ, ಬಿಸಿಲಿನಲ್ಲಿ, ದೋಸೆಗೆ ಬೆಣ್ಣೆ ಹಾಕುವಷ್ಟು ಧಾರಾಳವಾಗಿ. ಅದು ಬಾನೆಟ್ ಮೇಲೆ ಹಾಲಿನ ಕೆನೆಯಂತೆ ಗಟ್ಟಿಯಾಗಿ, ತೆಗೆಯಲು ಮಧ್ಯಾಹ್ನದ ಊಟದವರೆಗೂ ಹೆಣಗಿದೆ. ನೆರಳಿರಬೇಕು, ತಗಡು ಮುಟ್ಟಿದರೆ ತಣ್ಣಗಿರಬೇಕು. ಬೆಳಿಗ್ಗೆ ಎಂಟರೊಳಗೆ ಒಳ್ಳೆಯದು. ತೊಳೆದು ಒರೆಸಿದ ಮೇಲೆ ಕೈಯನ್ನು ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಾನೆಟ್ ಮೇಲೆ ಆಡಿಸಿ. ಬರಿಗೈಗೆ ತಿಳಿಯದ ಒರಟು ಹೀಗೆ ತಿಳಿಯುತ್ತದೆ. ತರಿತರಿ ಎನಿಸಿದರೆ ಕ್ಲೇ ಬಾರ್ ಎಂದು ಸಿಗುವ ಜೇಡಿಯಂಥ ಉಂಡೆಯನ್ನು ಸೋಪುನೀರು ಹಾಕಿ ಜಾರಿಸಿ ತೆಗೆಯಬೇಕು. ನಂತರ ಲೇಪವನ್ನು ಅರ್ಧ ಬಾನೆಟ್ಟಿನಷ್ಟು ಜಾಗಕ್ಕೆ, ಕಂಡೂ ಕಾಣದಷ್ಟು ತೆಳ್ಳಗೆ ಹಚ್ಚಿ. ಮಂಜು ಕವಿದಂತಾದ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು ನೋಡಿ. ಗೆರೆ ಸ್ವಚ್ಛವಾಗಿ ಬಂದರೆ ಒರೆಸುವ ಹೊತ್ತು, ಅಂಟಿಕೊಂಡರೆ ಇನ್ನೂ ಕಾಯಿರಿ.

ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ವ್ಯಾಕ್ಸ್ ತಗುಲಿದರೆ ಬಿಳಿ ಕಲೆ ಕೂರುತ್ತದೆ, ಮುಂಭಾಗದ ಗಾಜಿಗೆ ತಗುಲಿದರೆ ವೈಪರ್ ಓಡುವಾಗ ಮಬ್ಬು ಕವಿಯುತ್ತದೆ. ಹೊಳಪಿಲ್ಲದ ಮ್ಯಾಟ್ ಬಣ್ಣದ ಕಾರಿಗೆ ಮಾಮೂಲಿ ವ್ಯಾಕ್ಸ್ ಬೇಡವೇ ಬೇಡ. ಅಪಘಾತದ ನಂತರ ಹೊಸದಾಗಿ ಬಣ್ಣ ಹೊಡೆಸಿದ ಭಾಗಕ್ಕೆ ಕನಿಷ್ಠ ಒಂದು ತಿಂಗಳು ಏನನ್ನೂ ಹಚ್ಚಬಾರದು, ಒಳಗಿನ ದ್ರಾವಕ ಆರಿ ಹೊರಬರಬೇಕು. ಕಾರ್ಖಾನೆಯಿಂದ ಬಂದ ಹೊಸ ಕಾರಿಗೆ ಈ ಕಾಯುವಿಕೆ ಇಲ್ಲ.

ನಾನು ಹಚ್ಚುವುದು ವರ್ಷಕ್ಕೆ ಎರಡು ಸಲ. ಮೇ ಕೊನೆಯ ವಾರ ಸೀಲೆಂಟ್, ಆಯುಧಪೂಜೆಗೆ ಒಂದು ವಾರ ಮುಂಚೆ ಮತ್ತೊಮ್ಮೆ ಸೀಲೆಂಟ್, ಮಾರನೆಯ ದಿನ ಅದರ ಮೇಲೆ ಕಾರ್ನಾಬಾ. ಪೂಜೆಯ ದಿನ ಒದ್ದೆ ಕುಂಕುಮ, ಅರಿಶಿನ, ವಿಭೂತಿ, ಹಾರ ಅಂಟಿಸಿದ ಟೇಪು, ಒಡೆದ ಬೂದುಗುಂಬಳದಿಂದ ಸಿಡಿದ ಕೆಂಪು ನೀರು ಎಲ್ಲವೂ ಕಾರಿನ ಮೈಮೇಲೆಯೇ. ಬೊಟ್ಟನ್ನು ಗಾಜಿನ ಮೇಲೆ ಇಡೋಣವೆಂದು ಪ್ರತಿ ವರ್ಷ ಹೇಳುತ್ತೇನೆ, ಅಮ್ಮ ಒಪ್ಪುವುದಿಲ್ಲ, ಬಾನೆಟ್ಟೇ ಆಗಬೇಕು. ಮಾರನೆಯ ಬೆಳಿಗ್ಗೆ ಒದ್ದೆ ಬಟ್ಟೆ ಒತ್ತಿ ಎತ್ತಿದರೆ ಎರಡನೆಯ ಸಲಕ್ಕೆ ಬೊಟ್ಟು ಪೂರ್ತಿ ಬರುತ್ತದೆ. ವ್ಯಾಕ್ಸ್ ಹಚ್ಚಲಾಗದ ಒಂದು ವರ್ಷ ಮಾತ್ರ ಅದು ದೀಪಾವಳಿಯವರೆಗೂ ನಸುಗೆಂಪಾಗಿ ಅಲ್ಲೇ ಇತ್ತು.